ಮಂಗಳ ಆದ ಮೇಲೆ ಮೈಕ್ ಟೆಸ್ಟಿಂಗ್

ಮೈಕ್‌ಸೆಟ್ಟಿನ ಕೆಲಸದವನಿಗೆ ನಗಲಿಕ್ಕೆ ಬೇರೆ ಖರ್ಚು ಬೇಡ. ಉಡುಪಿಯಿಂದ ಕಾರ್ಕಳದವರೆಗೆ ಎಲ್ಲಿಗೆ ಹೋದರೂ, ವೈರು ಸುತ್ತಿ ಮನೆಗೆ ಹೊರಡುವಾಗ ಒಂದು ಕಥೆಯೂ ಟೆಂಪೋ ಹತ್ತಿಯೇ ಹತ್ತುತ್ತದೆ. ಈಗಂತೂ ಎಲ್ಲರ ಕಿಸೆಯಲ್ಲೂ ಒಂದೊಂದು ರೇಡಿಯೋ ಸ್ಟೇಷನ್ ಉಂಟಲ್ಲ, ಕಥೆಗಳು ಎರಡು ಪಾಲು ಹೆಚ್ಚಾಗಿವೆ.

೧. ಮೂರು ನಿಮಿಷ

ಮೊದಲು ನನ್ನ ಮರ್ಯಾದೆ ಹೋದದ್ದನ್ನೇ ಹೇಳಿಬಿಡುತ್ತೇನೆ, ಮತ್ತೆ ಬೇರೆಯವರದ್ದು ಹೇಳಲಿಕ್ಕೆ ಧೈರ್ಯ ಬರುತ್ತದೆ. ಪ್ರಾಯದಲ್ಲಿ, ಮೈಕ್‌ಸೆಟ್ಟಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನಗೆ ಹಾಡುವ ಹುಚ್ಚು. ಆಗ ನಮ್ಮಂಥವರ ಹಾಡು ನಾಲ್ಕು ಊರಿಗೆ ಮುಟ್ಟಬೇಕಾದರೆ ರೇಡಿಯೋ ಒಂದೇ ದಾರಿ. ಧ್ವನಿ ಪರೀಕ್ಷೆಗೆ ಹೋದೆ. ಕೊಟ್ಟದ್ದು ಮೂರು ನಿಮಿಷ. ಗಾಜಿನ ಆಚೆಯಿಂದ ಅಧಿಕಾರಿ "ಶುರು ಮಾಡಿ" ಎಂದರು.

ಎದುರು ಮೈಕ್ ಕಂಡದ್ದೇ ತಡ, ಬಾಯಿಂದ ಅಭ್ಯಾಸದ ಮಾತು ಹೊರಟಿತು: "ಹಲೋ, ಹಲೋ, ಚೆಕ್, ಒನ್ ಟು ತ್ರೀ." ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟ್ಯಾಂಡ್ ಸ್ವಲ್ಪ ಓರೆ ಕಂಡಿತು, ಸ್ಕ್ರೂ ಬಿಗಿ ಮಾಡಿದೆ. ವೈರು ಕಾಲಿಗೆ ಸಿಗುವಂತಿತ್ತು, ಬದಿಗೆ ಸರಿಸಿದೆ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿಯಿತು.

ಅಧಿಕಾರಿ ಹೊರಗೆ ಬಂದು, "ಹಾಡು ಹೇಗೆಂದು ಗೊತ್ತಾಗಲಿಲ್ಲ. ರಿಪೇರಿ ಚೆನ್ನಾಗಿ ಮಾಡ್ತೀರಿ," ಎಂದರು.

ಅಲ್ಲಿಂದ ಮೂವತ್ತು ವರ್ಷ ಊರಿಗೆಲ್ಲ ಮೈಕ್ ಕೊಟ್ಟೆ, ಜನರ ಎದುರು ಒಂದು ಸಾಲು ಹಾಡಲಿಲ್ಲ. ನಾಚಿಕೆ ಮಾರಾಯ್ರೆ, ಸುಳ್ಳು ಯಾಕೆ ಹೇಳಲಿ? ಆಸೆ ಮಾತ್ರ ಹೊಟ್ಟೆಯೊಳಗೆ ಹಾಗೆಯೇ ಇತ್ತು.

೨. ಬೂತಾಯಿ

ಮಲ್ಪೆ ಬಂದರಿನಲ್ಲಿ ಮೀನು ಮಾರುವ ಅಕ್ಕ ಒಬ್ಬರಿದ್ದಾರೆ. ಒಳ್ಳೆಯ ಕಂಠ. ಅವರು ಯಾವ ಪರೀಕ್ಷೆಗೂ ಹೋದವರಲ್ಲ. ಬುಟ್ಟಿಗೆ ಮೊಬೈಲ್ ಒರಗಿಸಿ ಲೈವಿನಲ್ಲಿ ಒಂದು ತುಳು ಹಾಡು ಹೇಳಿದರು, ಜನ ಮರುಳಾದರು. ಹಾಡಿನ ನಡುವೆ ಯಾರೋ "ಬಂಗುಡೆ ಉಂಟಾ?" ಎಂದು ಬರೆದರು. ಅಕ್ಕ ಗಿರಾಕಿ ಬಿಡುವವರಲ್ಲ, ಹಾಡು ನಿಲ್ಲಿಸುವವರೂ ಅಲ್ಲ. ಅದೇ ರಾಗದಲ್ಲಿ, "ಬಂಗುಡೆ ಇಜ್ಜಿ, ಬೂತಾಯಿ ಉಂಡು," ಅಂದರೆ ಬಂಗುಡೆ ಮೀನು ಇಲ್ಲ, ಬೂತಾಯಿ ಮೀನು ಉಂಟು ಎಂದು ಉತ್ತರ ಕೊಟ್ಟು ಮುಂದಿನ ಸಾಲಿಗೆ ಹೋದರು.

ಕೆಲವು ತಿಂಗಳಾದ ಮೇಲೆ ಕಾರ್ಕಳದಲ್ಲಿ ಒಂದು ಮದುವೆ. ಅಪ್ಪಟ ಸಸ್ಯಾಹಾರಿ ಮನೆಯವರು. ಹಾಡಲಿಕ್ಕೆ ಘಟ್ಟದ ಮೇಲಿನ ಗಾಯಕ, ತುಳು ಒಂದಕ್ಷರ ಬಾರದು. ಪಾಪ, ಈ ಊರಿನವರಿಗೆ ಖುಷಿಯಾಗಲಿ ಎಂದು ಅಕ್ಕನ ವಿಡಿಯೋ ನೋಡಿ ಹಾಡನ್ನು ಬಾಯಿಪಾಠ ಮಾಡಿ ಬಂದಿದ್ದ. ಮೊದಲ ಪಂಕ್ತಿ ಊಟಕ್ಕೆ ಕೂತಿತ್ತು. ಅವನು ಕಣ್ಣು ಮುಚ್ಚಿ, ಎದೆಗೆ ಕೈಯಿಟ್ಟು, "ಬಂಗುಡೆ ಇಜ್ಜಿ, ಬೂತಾಯಿ ಉಂಡು" ಎಂದು ಎರಡೆರಡು ಸಲ ಎಳೆದ. ನಾನು ಮೈಕ್ ಬಂದ್ ಮಾಡಬೇಕಿತ್ತು, ನಗುವಿನಲ್ಲಿ ಕೈ ಮೇಲೇಳಲಿಲ್ಲ.

ಕೊನೆಯ ಎಲೆಯ ಅಜ್ಜ ಒಬ್ಬರು ತಲೆಯೆತ್ತಿ, ಸಾರು ಬಡಿಸುವವನ ಹತ್ತಿರ ಮೆಲ್ಲಗೆ ಕೇಳಿದರು: "ಯಾವ ಪಂಕ್ತಿಯಲ್ಲಿ ಮಾರಾಯ?"

೩. ಉಸಿರು

ಮಣಿಪಾಲದ ನಿವೃತ್ತ ಮೇಷ್ಟ್ರೊಬ್ಬರು ಮೊಬೈಲಿನಲ್ಲಿ ಗುರುಗಳೊಬ್ಬರನ್ನು ನೋಡಿ ಕೊಳಲು ಕಲಿಯುತ್ತಾರೆ. ನಾನು ಅವರ ಸ್ಪೀಕರ್ ಸರಿ ಮಾಡಲಿಕ್ಕೆ ಹೋದ ದಿನ, ಗುರುಗಳು ಬೆರಳೆತ್ತಿ "ಸ್ವರ ಹಿಡಿಯಿರಿ" ಎಂದ ಗಳಿಗೆಗೇ ನೆಟ್ ಹೋಯಿತು. ಚಿತ್ರ ಹಾಗೆಯೇ ನಿಂತಿತು. ಮೇಷ್ಟ್ರು ಸ್ವರ ಹಿಡಿದೇ ಹಿಡಿದರು, ಮುಖ ಕೆಂಪಾಯಿತು. ಕೊನೆಗೆ ನಾನೇ ಕೊಳಲು ಎಳೆದುಕೊಂಡೆ.

"ಗುರುಗಳು ಬೆರಳು ಇಳಿಸಲಿಲ್ಲ, ನಾನು ಹೇಗೆ ಬಿಡುವುದು?" ಎಂದು ನನಗೇ ಬೈದರು.

೪. ಮಂಗಳ

ಕಾಪುವಿನ ಒಂದು ಭಜನಾ ಮಂಡಳಿಗೆ ಶನಿವಾರದ ಮೈಕ್ ನನ್ನದೇ. ಗಲ್ಫಿನಲ್ಲಿರುವ ಮಕ್ಕಳು ನೋಡಲಿ ಎಂದು ಅಧ್ಯಕ್ಷರು ಮೊಬೈಲನ್ನು ಕಂಬಕ್ಕೆ ಕಟ್ಟಿ ಲೈವ್ ಬಿಡುತ್ತಾರೆ. ಒಂದು ಶನಿವಾರ ಸಂಜೆ ಮಂಗಳ ಹಾಡಿ ಭಜನೆ ಮುಗಿಸಿದರು, ಅವಲಕ್ಕಿ ಪ್ರಸಾದ ತಿಂದು ಎಲ್ಲರೂ ಹೊರಟರು. ಉಳಿದವನು ನಾನೊಬ್ಬ.

ಖಾಲಿ ಮಂದಿರ ಕಂಡರೆ ನನಗೊಂದು ಕಳ್ಳ ಚಟ. ವೈರು ಸುತ್ತುತ್ತಾ, ಅಂದು ರೇಡಿಯೋದಲ್ಲಿ ಹಾಡದೆ ಉಳಿದ ಹಾಡನ್ನು ಪೂರ್ತಿ ಹಾಡಿದೆ. ನಡುವೆ ಒಂದು ಬಾಳೆಹಣ್ಣು ತಿಂದೆ. ಮತ್ತೆ ಹಾಡಿದೆ. ಫೋನ್ ಬಂತು, ಹೆಂಡತಿ.

"ಚೆನ್ನಾಗಿ ಹಾಡ್ತೀರಿ. ಆದರೆ ಬಾಳೆಹಣ್ಣಿನ ಸಿಪ್ಪೆ ಹಾರ್ಮೋನಿಯಂ ಮೇಲೆ ಇಟ್ಟಿದ್ದೀರಿ, ತೆಗೆಯಿರಿ."

"ನೀನು ಎಲ್ಲಿದ್ದೀ?"

"ಅಡುಗೆಮನೆಯಲ್ಲಿ."

ಕಂಬದ ಕಡೆ ನೋಡಿದೆ. ಮೊಬೈಲ್ ನನ್ನನ್ನೇ ನೋಡುತ್ತಿತ್ತು. ಅದನ್ನು ಕಂಬದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಅಧ್ಯಕ್ಷರ ಮನೆಗೆ ಓಡಿದೆ.

"ಲೈವ್ ನಿಲ್ಲಿಸಲಿಲ್ವಾ ನೀವು?"

"ಮಂಗಳ ಹಾಡಿ ಆಯಿತಲ್ಲ! ಮತ್ತೆ ಎಂತ ಉಂಟು ನಿಲ್ಲಿಸಲಿಕ್ಕೆ?" ಎಂದರು. ಮಂಗಳ ಆದರೆ ಮೊಬೈಲೂ ಕೈಮುಗಿದು ಎದ್ದು ಹೋಗುತ್ತದೆ ಎಂದು ಅವರ ಲೆಕ್ಕ.

ಇನ್ನು ಊರಿಡೀ ನಗೆಪಾಟಲು ಎಂದು ನಾನು ತಲೆ ತಗ್ಗಿಸಿ ನಿಂತೆ. ಅಧ್ಯಕ್ಷರು ಮೊಬೈಲ್ ತೆಗೆದುಕೊಂಡು ಕನ್ನಡಕ ಹಾಕಿ, ಲೈವಿನಲ್ಲಿ ಜನ ಬರೆದದ್ದನ್ನು ಒಂದೊಂದೇ ಓದಿದರು. ದುಬೈಯಿಂದ ಒಬ್ಬ, "ಈ ಅಣ್ಣನನ್ನು ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದಿರಿ?" ಎಂದು ಕೇಳಿದ್ದ. ಮಸ್ಕತ್ತಿನ ಇನ್ನೊಬ್ಬ, "ಬಾಳೆಹಣ್ಣು ಆಯಿತಲ್ಲ, ಇನ್ನೊಂದು ಹಾಡಲಿ" ಎಂದಿದ್ದ. ನನ್ನ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷ ಹೊತ್ತ ಭಾರ, ಅಬ್ಬ, ಇಳಿಯಿತು.

ಅಧ್ಯಕ್ಷರ ಮುಖ ಮಾತ್ರ ಗಂಭೀರ. "ಮಂಗಳ ಆದ ಮೇಲೆ ಹಾಡುವ ಕ್ರಮ ಇಲ್ಲ ನಮ್ಮಲ್ಲಿ. ಬರುವ ಶನಿವಾರ ಮಂಗಳಕ್ಕೆ ಮೊದಲೇ ಹಾಡು."

ಶನಿವಾರ ಬಂತು. ಮಂದಿರ ತುಂಬಿತ್ತು, ಹೆಂಡತಿ ಎದುರಲ್ಲೇ ಕೂತಿದ್ದಳು. ಅಧ್ಯಕ್ಷರು ಮೊಬೈಲ್ ಹಿಡಿದು ನನಗೆ ಕೈಸನ್ನೆ ಮಾಡಿದರು. ನಾನು ಕಣ್ಣು ಮುಚ್ಚಿದೆ, ದೇವರನ್ನು ನೆನೆದೆ, ಬಾಯಿ ತೆರೆದೆ.

"ಹಲೋ, ಹಲೋ, ಚೆಕ್, ಒನ್ ಟು ತ್ರೀ."

ಯಾರೂ ನಗಲಿಲ್ಲ, ಯಾರೂ ಹೊರಗೆ ಕಳಿಸಲಿಲ್ಲ. ಅಧ್ಯಕ್ಷರು ಮೊಬೈಲ್ ನೋಡಿ ದೊಡ್ಡದಾಗಿ ಓದಿದರು: "ದುಬೈಯಲ್ಲಿ ಕೇಳ್ತಾ ಉಂಟಂತೆ ಮೈಕಣ್ಣ. ಇನ್ನು ಹಾಡು."