ನೆಲಮಹಡಿಯ ರೂಮು

ತೊಂದರೆ ಶುರುವಾದದ್ದು ಲಿಫ್ಟಿನಿಂದ. ಆ ನಾಲ್ಕು ಮಹಡಿಯ ಕಟ್ಟಡದ ಲಿಫ್ಟು ಕೆಟ್ಟು ಎಂಟು ತಿಂಗಳಾಗಿತ್ತು. ಅದೇ ಕಟ್ಟಡದ ನೆಲಮಹಡಿಯಲ್ಲಿ ವಾಸವಾಗಿದ್ದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಿಸುವವನು ತನ್ನ ಬಾಗಿಲೆದುರಿನ ಲಿಫ್ಟಿಗೆ ಏನೂ ಮಾಡಲಾರದೆ ಕೂತಿದ್ದ. ಬೇಕಾದ ಬಿಡಿಭಾಗ ತಯಾರಿಸುತ್ತಿದ್ದ ಕಂಪನಿಯೇ ಮುಚ್ಚಿಹೋಗಿತ್ತು. ಎಷ್ಟು ಸಲ ಹೇಳಿದರೂ ಮೇಲಿನವರು ನಂಬಲಿಲ್ಲ. ಪ್ರತಿಯೊಬ್ಬರೂ ಅವನ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಒಳಗೆ ಕೇಳಿಸುವಂತೆ ನಿಟ್ಟುಸಿರು ಬಿಟ್ಟು, ಆಮೇಲೆ ಮೆಟ್ಟಿಲು ಹತ್ತುತ್ತಿದ್ದರು.

ಆ ನಿಟ್ಟುಸಿರಿಗೆ ಹೆದರಿಯೇ ಅವನು ಮೊದಲ ಸಲ 'ಆಯ್ತು, ಇಲ್ಲೇ ಇಡಿ' ಅಂದದ್ದು. ಮೂರನೇ ಮಹಡಿಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ನಡೆಯಲಾಗದವರಿಗೆ ಊರುಗೋಲು, ಗಾಲಿಕುರ್ಚಿ ಎರವಲು ಕೊಡುವ ಪುಟ್ಟ ಸಂಘ ಅವರದು. ಅದನ್ನೆಲ್ಲ ಮೇಲಕ್ಕೆ ಹೊರುವವರು ಯಾರು? ಅವನ ಮನೆಯ ಹಿಂದಿನ ರೂಮಿಗೆ ಬಂತು. ಎರಡನೇ ಮಹಡಿಯ ಮೇಷ್ಟ್ರದು ಆಸ್ಪತ್ರೆ, ಜೈಲುಗಳಿಗೆ ಹಳೆಯ ಪುಸ್ತಕ ಕಳಿಸುವ ಸಂಘ. ಹದಿನೆಂಟು ಡಬ್ಬ ಬಂತು. ರಸ್ತೆಯಾಚೆ ಬೇಕರಿ ನಡೆಸುವ ಅಕ್ಕನಿಗೆ ಮೆಟ್ಟಿಲಿನ ಕಷ್ಟವೇ ಇರಲಿಲ್ಲ. ಆದರೂ, "ಮೇಲಿನವ್ರದ್ದೆಲ್ಲ ಇಟ್ಕೊಂಡಿದ್ದೀರಿ ಲಿಫ್ಟಣ್ಣ, ಎದುರುಗಡೆಯವಳು ಅಂತ ನಾನು ಬೇರೆಯವಳಾದ್ನಾ?" ಎಂದು ಕೇಳಿ, ಬೀದಿನಾಯಿಗಳ ಸಂಘದ ತಿಂಡಿ ಮೂಟೆಗಳನ್ನೂ, ಗಾಯ ನೆಕ್ಕದಂತೆ ನಾಯಿಯ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಲಾಳಿಕೆಗಳನ್ನೂ ತಂದು ಪೇರಿಸಿದರು.

ಎಲ್ಲವೂ ಒಳ್ಳೆಯ ಕೆಲಸಗಳೇ. ಅದೇ ಕಷ್ಟ. ಕೆಟ್ಟ ಕೆಲಸವಾಗಿದ್ದರೆ ಬೇಡ ಅನ್ನಬಹುದಿತ್ತು.

ಒಂದು ದಿನ ಹೆಂಡತಿ ಆ ರೂಮಿನಿಂದ ಬಕೆಟ್ ತರಲು ಹೋದಳು. ಬಂದಾಗ ಅವಳ ಬಲಗಾಲು ಲಾಳಿಕೆಯೊಂದರಲ್ಲಿ ಮಂಡಿಯವರೆಗೆ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಅವನ ಊಟದ ತಟ್ಟೆಯ ಪಕ್ಕ ಇಟ್ಟು, ಒಂದು ವಾರಕ್ಕೆಂದು ತಂಗಿಯ ಮನೆಗೆ ಹೋದವಳು ತಿಂಗಳಾದರೂ ಬರಲಿಲ್ಲ. ಅವನು ಮೂರು ಹೊತ್ತೂ ಬೇಕರಿಯ ಬನ್ನು ತಿಂದು, ತಾನೂ ಬನ್ನಿನ ಹಾಗೆ ಮೆತ್ತಗಾಗಿದ್ದ.

ಆ ಭಾನುವಾರ ಬೆಳಿಗ್ಗೆ ಫೋನು ಬಂತು.

"ಸಂಜೆ ಐದಕ್ಕೆ ಬರ್ತೀನಿ," ಅಂದಳು ಹೆಂಡತಿ. "ಆ ರೂಮು ಖಾಲಿ ಇರ್ಬೇಕು. ಪೂರ್ತಿ ಖಾಲಿ. ಇಲ್ಲದಿದ್ರೆ ಬಂದ ಗಾಡಿಲೇ ವಾಪಸ್ ಹೋಗ್ತೀನಿ."

"ಇರುತ್ತೆ ಮಾರಾಯ್ತಿ," ಅಂದ. ಹೇಳಿದ ಮೇಲೆ ರೂಮಿನ ಬಾಗಿಲು ತೆರೆದು ನೋಡಿ, ಮೆಲ್ಲಗೆ ಮತ್ತೆ ಮುಚ್ಚಿದ.

ಮೊದಲು ಒಂದು ಪುಸ್ತಕದ ಡಬ್ಬ ಹೊತ್ತು ಮೇಷ್ಟ್ರ ಮನೆಗೆ ಹತ್ತಿದ. ಮೇಷ್ಟ್ರು ಬಾಗಿಲನ್ನು ಒಂದು ಗೇಣು ತೆರೆದರು. ಅದಕ್ಕಿಂತ ಹೆಚ್ಚು ಅದು ತೆರೆಯುತ್ತಲೂ ಇರಲಿಲ್ಲ.

"ಒಳಗೆ ಜಾಗ ಇದ್ರೆ ನಾನೇ ಬೇಡ ಅಂತಿದ್ನಾ? ನಾನು ಮಲಗೋದೇ ನಿಘಂಟುಗಳ ಮೇಲೆ. ಒಂದು ವಾರ ತಡ್ಕೊಳ್ಳಿ. ಹೇಗೂ ಕೆಳಗಿಳೀತಾ ಇದ್ದೀರಲ್ಲ, ಇದೊಂದನ್ನೂ ತಗೊಂಡು ಹೋಗಿ."

ಹೀಗೆ ಹದಿನೆಂಟು ಡಬ್ಬ ಹತ್ತೊಂಬತ್ತಾಯಿತು.

ನರ್ಸಮ್ಮನ ಬಾಗಿಲಿಗೆ ಬರಿಗೈಯಲ್ಲೇ ಹೋದ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. "ಖಂಡಿತ ಖಾಲಿ ಮಾಡೋಣ. ಎರಡು ಬೀದಿ ಆಚೆ ಟೈಲರ್ ಇದ್ದಾರಲ್ಲ, ಅವರ ತಂದೆಗೆ ಗಾಲಿಕುರ್ಚಿ ಬೇಕಂತೆ. ತಳ್ಳಿಕೊಂಡು ಹೋಗಿ ಕೊಟ್ಟುಬಿಡಿ. ಒಂದು ಕಮ್ಮಿ ಆಯ್ತಲ್ಲ."

ಒಂದಾದರೂ ಕಮ್ಮಿಯಾಗಲಿ ಎಂದು ಅವನು ಗಾಲಿಕುರ್ಚಿ ಹೊರಗೆಳೆದ. ಬರಿದೇ ಯಾಕೆ ತಳ್ಳಬೇಕೆಂದು ನಾಯಿತಿಂಡಿಯ ಒಂದು ಮೂಟೆಯನ್ನೂ ಅದರಲ್ಲಿ ಕೂರಿಸಿದ. ಬೇಕರಿಯಲ್ಲಿ ಅಕ್ಕ ಇರಲಿಲ್ಲ, ನಾಯಿಗಳಿಗೆ ಊಟ ಹಾಕಲು ಹೋಗಿದ್ದರು. ಮೂಟೆಯನ್ನು ಅಲ್ಲಿಯೇ ಇಳಿಸಿಹೋಗೋಣವೆಂದು ಬಗ್ಗಿ ಎತ್ತಿದ. ಸೊಂಟದಲ್ಲಿ ಏನೋ ಚಳಕ್ ಅಂತು.

ಬಗ್ಗಿದವನು ಬಗ್ಗಿದಂತೆಯೇ ನಿಂತ. ಮೂಟೆ ಕೆಳಗೆ ಬಿತ್ತು. ಮೇಲಕ್ಕೂ ಆಗದೆ, ಕೆಳಕ್ಕೂ ಆಗದೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ಸ್ವಲ್ಪ ಹೊತ್ತು ಇದ್ದು, ಕೊನೆಗೆ ಕೈಗೆ ಸಿಕ್ಕಿದ ಗಾಲಿಕುರ್ಚಿಯಲ್ಲೇ ಮೆಲ್ಲಗೆ ಕುಸಿದ. ಕೂತ ಮೇಲೆ ಅವನಿಗೆ ಆಶ್ಚರ್ಯವಾಯಿತು. ಎಂಟು ತಿಂಗಳಲ್ಲಿ ಹಗಲು ಹೊತ್ತು ತಾನು ಹೀಗೆ ಸುಮ್ಮನೆ ಕೂತದ್ದು ಇದೇ ಮೊದಲು. ಕಣ್ಣು ಮುಚ್ಚಿಕೊಂಡ.

"ಲಿಫ್ಟಣ್ಣ."

ಕಣ್ಣು ಬಿಟ್ಟರೆ ಬೇಕರಿ ಅಕ್ಕ, ಹಿಂದೆ ಐದು ನಾಯಿಗಳು. ಆರೂ ಮುಖಗಳಲ್ಲಿ ಒಂದೇ ಥರದ ಕನಿಕರ.

"ಯಾವಾಗಿಂದ ಹೀಗೆ?"

"ಈಗಷ್ಟೇ ಅಕ್ಕ. ಮೂಟೆ ಎತ್ತೋಕೆ ಹೋಗಿ..."

ಅಕ್ಕ ಮಾತು ಮುಗಿಸಲು ಬಿಡಲಿಲ್ಲ. ಕುರ್ಚಿಯ ಹಿಡಿ ಹಿಡಿದು ಅವನನ್ನು ಮನೆಯ ಕಡೆಗೆ ತಳ್ಳತೊಡಗಿದರು. ಕಟ್ಟಡದ ಮುಂದಿನ ಹಳ್ಳದಲ್ಲಿ ಗಾಲಿ ಧಡ್ ಎಂದು ಇಳಿದು ಹತ್ತಿತು. ಅವನ ಸೊಂಟ ಇನ್ನೊಮ್ಮೆ ಚಳಕ್ ಅಂದು ಸರಿಹೋಯಿತು. ನೋವು ಹೇಳಹೆಸರಿಲ್ಲದಂತೆ ಮಾಯವಾಯಿತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದ.

"ನಮ್ಮ ಸಾಮಾನು ಹೊತ್ತೂ ಹೊತ್ತೂ ನಿಮಗೆ ಈ ಗತಿ ಬಂತು," ಅಕ್ಕ ಮೂಗು ಒರೆಸಿಕೊಂಡರು. "ಇವತ್ತೇ ಎಲ್ಲಾ ಎತ್ತಿಸಿಬಿಡ್ತೀನಿ. ಒಂದು ಲಾಳಿಕೆನೂ ಬಿಡಲ್ಲ."

ಅವನು ಬಾಯಿ ಮುಚ್ಚಿಕೊಂಡ.

ಹತ್ತು ನಿಮಿಷದಲ್ಲಿ ಮನೆ ತುಂಬ ಜನ. ನರ್ಸಮ್ಮ ಅವನ ಕಾಲಿನ ಹೆಬ್ಬೆರಳನ್ನು ಚಿವುಟಿ, "ಗೊತ್ತಾಗುತ್ತಾ?" ಎಂದು ಕೇಳಿದರು. ಪ್ರಾಣ ಹೋಗುವಂತೆ ಗೊತ್ತಾಯಿತು. ರೂಮಿನ ಬಾಗಿಲ ಕಡೆ ನೋಡಿ, "ಅಷ್ಟೇನಿಲ್ಲ," ಅಂದ.

"ನರ," ಅಂದರು ನರ್ಸಮ್ಮ. "ಆರು ವಾರ ಏಳೋ ಹಾಗಿಲ್ಲ."

"ಟೈಲರ್ ತಂದೆಗೆ ಈ ಕುರ್ಚಿ..." ಎಂದು ಅವನು ತಡವರಿಸಿದ. ಅದೊಂದು ನಿಜವಾಗಿಯೂ ಅವನ ಮನಸ್ಸಿಗೆ ಚುಚ್ಚುತ್ತಿತ್ತು.

"ಈ ಸ್ಥಿತೀಲೂ ಬೇರೆಯವರ ಯೋಚನೆ ನೋಡಿ," ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಟೈಲರ್ ತಂದೆಗೆ ಆಸ್ಪತ್ರೆಯಿಂದ ಇನ್ನೊಂದು ಕುರ್ಚಿ ತರಿಸುವೆನೆಂದು ನರ್ಸಮ್ಮ ಹೇಳಿ, ಆಗಲೇ ಫೋನನ್ನೂ ಮಾಡಿದರು.

ಆಮೇಲೆ ಸಾಗಾಣಿಕೆ ಶುರುವಾಯಿತು. ಎಂಟು ತಿಂಗಳು ಯಾವ ಮೆಟ್ಟಿಲನ್ನು ಹತ್ತಲಾಗದೆಂದು ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರೋ ಅದೇ ಮೆಟ್ಟಿಲ ಮೇಲೆ ಹತ್ತೊಂಬತ್ತು ಡಬ್ಬ, ಹನ್ನೊಂದು ಊರುಗೋಲು ಇರುವೆಸಾಲಿನಂತೆ ಮೇಲೇರಿದವು. ನಾಯಿತಿಂಡಿ ರಸ್ತೆ ದಾಟಿತು, ನಾಯಿಗಳೂ ಅದರ ಜೊತೆಗೇ ದಾಟಿದವು. ಮೆಕ್ಯಾನಿಕ್ ಕುರ್ಚಿಯಲ್ಲಿ ಅಲುಗದೆ ಕೂತಿದ್ದ. ಮಂಡಿಯ ಮೇಲೆ ಒಂದು ನೊಣ ಕೂತು ಅರ್ಧ ಗಂಟೆ ಓಡಾಡಿತು. ಅದನ್ನು ಓಡಿಸಿದರೆ ಎಲ್ಲಿ ಕಾಲು ಅಲುಗುತ್ತದೋ ಎಂದು ಸುಮ್ಮನೆ ನೋಡುತ್ತಿದ್ದ. ಮೇಷ್ಟ್ರು ಏದುಸಿರು ಬಿಡುತ್ತ ಬಂದು, "ಇನ್ನೆರಡೇ ಡಬ್ಬ, ನೀವು ಚಿಂತೆ ಮಾಡಬೇಡಿ," ಅಂದಾಗ ಅವನಿಗೆ ಅಳುವೇ ಬರುವಂತಾಯಿತು. ಅದನ್ನೂ ಅವರು ಕಾಯಿಲೆಯ ಲೆಕ್ಕಕ್ಕೇ ಹಾಕಿಕೊಂಡರು.

ನಾಲ್ಕೂವರೆಗೆ ರೂಮು ಖಾಲಿ. ಮಲಗಿ ವಿಶ್ರಾಂತಿ ತಗೊಳ್ಳಲಿ ಎಂದು ಎಲ್ಲರೂ ಬಾಗಿಲೆಳೆದುಕೊಂಡು ಹೋದರು.

ಅವನು ಎದ್ದ. ಕಾಲುಬೆರಳ ಮೇಲೆ ನಡೆದು ರೂಮಿಗೆ ಹೋದ. ಅದಕ್ಕೊಂದು ಕಿಟಕಿ ಇದ್ದದ್ದೇ ಅವನಿಗೆ ಮರೆತುಹೋಗಿತ್ತು. ನೆಲದ ಮೇಲೆ ಬಿಸಿಲು ಒಂದು ಚಾಪೆಯಷ್ಟಗಲ ಬಿದ್ದಿತ್ತು. ಗುಡಿಸುವ ಮನಸ್ಸೂ ಆಗದೆ, ಆ ಬಿಸಿಲಿನ ಮೇಲೆ ಅಂಗಾತ ಮಲಗಿ ಕೈಕಾಲು ಚಾಚಿದ. ಕೈಗೂ ಏನೂ ತಾಕಲಿಲ್ಲ, ಕಾಲಿಗೂ ಏನೂ ತಾಕಲಿಲ್ಲ. ಇಲ್ಲಿ ಒಂದು ಮಂಚ ಹಾಕಿ ಪ್ರತಿ ಭಾನುವಾರ ಮಧ್ಯಾಹ್ನ ಮಲಗುತ್ತೇನೆ, ಯಾರು ಬಾಗಿಲು ತಟ್ಟಿದರೂ ಏಳುವುದಿಲ್ಲ ಎಂದುಕೊಂಡ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಓಡಿ ಬಂದು ಕುರ್ಚಿಯಲ್ಲಿ ಕೂತು ಮತ್ತೆ ಜೋಲುಮುಖ ಹಾಕಿಕೊಂಡ.

ಗೇಟಿನಲ್ಲೇ ಬೇಕರಿ ಅಕ್ಕ ಹೆಂಡತಿಗೆ ಎಲ್ಲ ಹೇಳಿಯಾಗಿತ್ತು. ಅವಳು ಒಳಗೆ ಬಂದು ಅವನ ಮುಖ ನೋಡಿದಳು. ಕಾಲು ನೋಡಿದಳು. ಕುರ್ಚಿಯ ಹಿಂದೆ ಹೋಗಿ ಅವನ ಅಂಗಿಯ ಬೆನ್ನಿಗೆ ಅಂಟಿದ್ದ ನೆಲದ ಧೂಳನ್ನು ಮೆಲ್ಲಗೆ ಕೊಡವಿದಳು. ರೂಮಿಗೆ ಹೋಗಿ ನಾಲ್ಕು ಮೂಲೆಯನ್ನೂ ನೋಡಿ ಬಂದಳು.

"ಪರವಾಗಿಲ್ಲ," ಅಂದಳು. "ಹಿಡಿಸುತ್ತೆ."

"ಏನು ಹಿಡಿಸುತ್ತೆ?"

"ತಂಗಿ ಮನೇಲಿ ಸುಮ್ನೆ ಕೂತು ಏನು ಮಾಡ್ಲಿ? ಅವಳ ಸಂಘಕ್ಕೆ ಸೇರ್ಕೊಂಡೆ. ತಿಂಗಳು ತುಂಬದೆ ಹುಟ್ತಾವಲ್ಲ, ಆ ಪಾಪುಗಳಿಗೆ ಉಣ್ಣೆ ಟೋಪಿ ಹೆಣೆದು ಆಸ್ಪತ್ರೆಗೆ ಕೊಡೋದು. ಇಷ್ಟೇ ಇಷ್ಟು ತಲೆ ರೀ, ನಿಂಬೆಹಣ್ಣಿಗಿಂತ ಚೂರು ದೊಡ್ಡದು. ಈ ಕಡೆ ಉಣ್ಣೆ ಇಡೋಕೆ ಜಾಗ ಇಲ್ಲ ಅಂತ ಒದ್ದಾಡ್ತಿದ್ರು. ನಮ್ಮನೇಲಿ ಒಂದು ರೂಮು ಖಾಲಿ ಇದೆ ಅಂದೆ."

ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು, ತಲೆಯ ಮೇಲೆ ಒಂದು ಮೂಟೆ. ಅವರ ಹಿಂದೆ ಬೇಕರಿ ಅಕ್ಕ, ಇನ್ನೊಂದು ಮೂಟೆ. "ವ್ಯಾನಲ್ಲಿ ಇನ್ನೂ ಹದಿನಾಲ್ಕಿದೆ," ಅಂದರು ಮೇಷ್ಟ್ರು ಉತ್ಸಾಹದಿಂದ.

ಅವನು ಕುರ್ಚಿಯ ಎರಡೂ ತೋಳು ಹಿಡಿದು ಅರ್ಧ ಎದ್ದ. ಅವರ ಹಿಂದೆಯೇ ಒಳಬಂದಿದ್ದ ನರ್ಸಮ್ಮನ ಕೈ ಭುಜದ ಮೇಲೆ ಬಿತ್ತು.

"ಆರು ವಾರ ಅಂತ ಹೇಳಿದ್ನಲ್ಲ."

ಕೂತ. ಹೆಂಡತಿ ಒಂದು ಮೂಟೆಯ ಬಾಯಿ ಬಿಚ್ಚಿ ಹಳದಿ ಉಣ್ಣೆಯ ದಪ್ಪ ಲಡಿಯೊಂದನ್ನು ಎಳೆದುಕೊಂಡು ಅವನೆದುರು ಮಣೆ ಹಾಕಿ ಕೂತಳು. ಅವನ ಎರಡೂ ಕೈಗಳನ್ನು ಎತ್ತಿ, ಒಂದು ಮೊಳ ಅಂತರಕ್ಕೆ ಹೊಂದಿಸಿ, ಲಡಿಯನ್ನು ಅವುಗಳಿಗೆ ಸಿಕ್ಕಿಸಿ, ದಾರದ ತುದಿ ಹುಡುಕಿ ಉಂಡೆ ಸುತ್ತತೊಡಗಿದಳು.

"ಕೈಗೇನೂ ಆಗಿಲ್ಲವಲ್ಲ?" ಅಂದಳು.