ಮಷೀನಿನ ಹಣೆ ಮತ್ತು ಉಳಿದ ಸಾವಿರ ಪಾಯಿಂಟು

ಇವತ್ತು ಸಿಟ್ಟಾಗಬಾರದು ಎಂದು ದಿನಾ ಬೆಳಿಗ್ಗೆ ಮನೆಯಲ್ಲೇ ನಿರ್ಧಾರ ಮಾಡಿ ಹೊರಡುತ್ತಿದ್ದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಆಟೋಗಳ ನಡುವೆ ನುಸುಳಿ, ಮೆಟ್ಟಿಲು ಹತ್ತಿ, ಅಂಗಡಿಯೊಳಗೆ ಕಾಲಿಡುವಷ್ಟರಲ್ಲಿ ಆ ನಿರ್ಧಾರ ಮುರಿದುಬಿದ್ದಿರುತ್ತಿತ್ತು. ಫ್ಲಾಪಿ ಹೋಗಿ ಪೆನ್ ಡ್ರೈವ್ ಬರುತ್ತಿದ್ದ ಕಾಲ ಅದು. ಟೈಪಿಂಗ್, ಸ್ಕ್ಯಾನಿಂಗ್, ಇಂಟರ್‌ನೆಟ್ ಎಲ್ಲ ಒಂದೇ ಕಡೆ ಸಿಗುವ ಅಂಗಡಿ. ಕಂಪ್ಯೂಟರಿನ ಮುಂದೆ ಕೂರುವವಳು ನಾನು, ದುಡ್ಡಿನ ಗಲ್ಲೆಯ ಮುಂದೆ ಕೂರುವವರು ಮಾಲಕರು. ಅಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಸ್ಕ್ಯಾನರ್ ತಾನಾಗಿ ತಪ್ಪು ಮಾಡಿದ್ದನ್ನು ನಾನು ಕಾಣೆ. ಮನುಷ್ಯರು ಮಾತ್ರ ಆ ಕೆಲಸಕ್ಕೆ ಒಂದು ದಿನವೂ ರಜೆ ಹಾಕಲಿಲ್ಲ.

೧. ಫ್ಲಾಪಿಯ ಹೊಟ್ಟೆ

ಮಾಲಕರು ಮೊದಲು ಬಟ್ಟೆ ವ್ಯಾಪಾರ ಮಾಡಿದವರು. ಯಾವುದಾದರೂ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಅವರ ನಂಬಿಕೆ. ಸ್ಕ್ಯಾನರಿನ ಡಬ್ಬಿಯ ಮೇಲೆ ೧೨೦೦ ಡಿಪಿಐ ಎಂದು ಅಚ್ಚಾಗಿತ್ತು. ಒಂದು ಇಂಚಿನೊಳಗೆ ಅಷ್ಟು ಚುಕ್ಕೆ ಓದಬಲ್ಲದು ಎಂದು ಅದರ ಅರ್ಥವೇ ಹೊರತು, ಅಷ್ಟನ್ನೂ ಓದಲೇಬೇಕು ಎಂದಲ್ಲ. ಮಾಲಕರು ಅದಕ್ಕೆ ‘ಪಾಯಿಂಟು’ ಎಂದು ಹೆಸರಿಟ್ಟರು.

ಒಮ್ಮೆ ಒಬ್ಬ ವಕೀಲರು ಟೈಪು ಮಾಡಿದ ಒಂದು ಹಾಳೆ ತಂದರು. ಬಿಳಿ ಕಾಗದ, ಕಪ್ಪು ಅಕ್ಷರ, ಇನ್ನೂರು ಇಟ್ಟರೆ ಧಾರಾಳವಾಯಿತು. ನಾನು ಇಡಲು ಹೋದೆ. ಬೆನ್ನ ಹಿಂದಿನಿಂದ ಮಾಲಕರು, ‘ಏ ಯವ್ವಾ, ದೊಡ್ಡ ಮಂದಿ ಬಂದಾರ, ಹನ್ನೆರಡು ನೂರಕ್ಕ ಇಡು. ಕಲರ್ ಇಡು’ ಎಂದರು.

ಬೇಡವೆಂದರೂ ಬಿಡಲಿಲ್ಲ. ಸ್ಕ್ಯಾನರಿನ ದೀಪ ಹೊರಟಿತು. ವಕೀಲರು ಚಹಾ ಕುಡಿದರು, ಪೇಪರು ಓದಿದರು, ಒಂದು ನಿದ್ದೆಯನ್ನೂ ಮುಗಿಸಿದರು. ಕಡೆಗೆ ಬಂದ ಫೈಲು ಎಷ್ಟು ದೊಡ್ಡದೆಂದರೆ ಅವರ ಫ್ಲಾಪಿಯಲ್ಲಿ ಹಿಡಿಯಲೇ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಮಾಲಕರಿಗೆ ಮಾತ್ರ ಹೆಮ್ಮೆ.

‘ಕೆಲಸ ಭಾರಿ ಆಗ್ಯದ ವಕೀಲ ಸಾಹೇಬ್ರ. ನಿಮ್ಮ ಫ್ಲಾಪೀನೇ ಸಣ್ಣದಾತು. ನಾಳಿ ದೊಡ್ಡದೊಂದು ತಗೊಂಡು ಬರ್ರಿ.’

ಇಷ್ಟು ಓದಿದ ಮನುಷ್ಯ ಜಗಳ ತೆಗೆಯುತ್ತಾನೆ ಎಂದು ನಾನು ಆಸೆಯಿಂದ ನೋಡಿದೆ. ವಕೀಲರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: ‘ಯಾವ ದುಕಾನದಾಗ ಸಿಗತದ್ರೀ?’

೨. ಉಳಿದ ಸಾವಿರ

ಕಮಲಾಪುರದಿಂದ ಒಬ್ಬಾಕೆ ಬಂದಳು. ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಸರಕಾರಿ ಶಿಕ್ಷಕಿ ಹುದ್ದೆಗೆ ಇಂಟರ್‌ನೆಟ್ಟಿನಲ್ಲಿ ಅರ್ಜಿ ಹಾಕಬೇಕಿತ್ತು. ‘ವಯಸ್ಸು ಮುಗಿಯಾಕ ಬಂದದ ಅಕ್ಕಾರ. ಈ ಸಲ ಹೋತಂದ್ರ ಮತ್ತ ಅರ್ಜಿನೂ ಹಾಕಾಕ ಬರಂಗಿಲ್ಲ’ ಎಂದಳು. ಕೈಯಲ್ಲಿ ನಮ್ಮ ಮಾಲಕರಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಮಾಲಕರ ಹೆಂಡತಿಯ ತವರೂ ಕಮಲಾಪುರವೇ. ಅಷ್ಟಾದರೆ ಕೇಳಬೇಕೆ, ಅವರೇ ಎದ್ದು ಬಂದು ಆಕೆಯ ಫೋಟೊ, ಸಹಿ ಎರಡನ್ನೂ ಹನ್ನೆರಡು ನೂರು ಪಾಯಿಂಟಿನಲ್ಲಿ ಸ್ಕ್ಯಾನ್ ಮಾಡಿದರು.

ಅರ್ಜಿ ಅವನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಸಣ್ಣ ಜೆಪೆಗ್ ಫೈಲು ಬೇಕು ಎಂದು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದುಕೊಂಡು ಕೂತಿತು. ಮಾಲಕರು ಕೊಟ್ಟದ್ದು ಟಿಫ್ ಎಂಬ ಭಾರದ ಫೈಲು, ಸಹಿಯೊಂದೇ ಆನೆಯಷ್ಟಾಗಿತ್ತು. ‘ಸರಕಾರದ ಕಂಪ್ಯೂಟರನ್ಯಾಗ ತಾಕತ್ತಿಲ್ಲ’ ಎಂದರು ಮಾಲಕರು. ಆಕೆಯ ಮುಖ ಬಾಡಿತು. ನನಗೆ ಮೈಯೆಲ್ಲ ಉರಿಯಿತು. ‘ನೀವು ಜರಾ ಸರೀರಿ’ ಎಂದು ಮಾಲಕರನ್ನು ಎಬ್ಬಿಸಿ, ಇನ್ನೂರಕ್ಕೆ ಇಳಿಸಿ, ಜೆಪೆಗ್ ಮಾಡಿ ಹಾಕಿದೆ. ಅರ್ಜಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಆಕೆ ಸಮಾಧಾನದಿಂದ ಬಸ್ಸಿಗೆ ಹೋದಳು.

ಮಾಲಕರಿಗೆ ಸಮಾಧಾನವಾಗಲಿಲ್ಲ. ಸಂಜೆತನಕ ಸ್ಕ್ಯಾನರನ್ನು ಸುತ್ತಿ ಸುತ್ತಿ ನೋಡಿ, ಕಡೆಗೆ ನನ್ನ ಮುಂದೆ ಬಂದು ನಿಂತರು.

‘ನಾ ಹನ್ನೆರಡು ನೂರು ಪಾಯಿಂಟಿನ ಮಷೀನ್ ತಂದೀನಿ. ನೀ ಇನ್ನೂರು ಬಳಸೀದಿ. ಉಳಿದ ಸಾವಿರ ಎಲ್ಲಿ ಹೋತು?’

೩. ಇಬ್ಬರು ಹುಡುಗಿಯರು

ಆಮೇಲೆ ಮಾಲಕರಿಗೆ ಇನ್ನೊಂದು ಅನುಮಾನ ಹತ್ತಿತು. ಕಲರಿನಲ್ಲಿ ಸ್ಕ್ಯಾನ್ ಮಾಡಿದರೆ ಸ್ಕ್ಯಾನರಿನೊಳಗಿನ ಬಣ್ಣ ಖರ್ಚಾಗುತ್ತದೆ ಎಂದು. ಅದರೊಳಗೆ ಬಣ್ಣವೇ ಇಲ್ಲ, ಬರೀ ದೀಪ ಇದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ನಾನು ಊಟಕ್ಕೆ ಹೋದಾಗ ಅವರೇ ಸೆಟ್ಟಿಂಗ್ ಬದಲಿಸಿ ಕಪ್ಪು ಬಿಳುಪಿಗೆ ಇಟ್ಟಿದ್ದರು. ಅಕ್ಷರಗಳಿಗೆ ಇರುವ ಕಪ್ಪು ಬಿಳುಪು ಅದು. ನಡುವಿನ ಬಣ್ಣ ಯಾವುದೂ ಇಲ್ಲ. ಇದ್ದರೆ ಮಸಿ, ಇಲ್ಲದಿದ್ದರೆ ಸುಣ್ಣ.

ಅದೇ ಹೊತ್ತಿಗೆ ತಾಜಸುಲ್ತಾನಪುರದ ಒಬ್ಬರು ಮಗಳ ಫೋಟೊ ತಂದು, ಪುಣೆಯ ಗಂಡಿನ ಕಡೆಯವರಿಗೆ ಈಮೇಲ್ ಮಾಡಿಸಿಕೊಂಡು ಹೋದರು. ನಾನು ಬಂದು ನೋಡುತ್ತೇನೆ: ಕಪ್ಪು ಕೂದಲು, ಎರಡು ಕಣ್ಣು, ಮಿಕ್ಕಿದ್ದೆಲ್ಲ ಬೆಳ್ಳಗೆ. ಮೂಗೇ ಇಲ್ಲ! ತಲೆ ಚಚ್ಚಿಕೊಂಡು, ಅವರು ಗಾಜಿನ ಮೇಲೇ ಮರೆತುಹೋಗಿದ್ದ ಫೋಟೊವನ್ನು ಕಲರಿನಲ್ಲಿ ಮಾಡಿ ಮತ್ತೆ ಕಳಿಸಿದೆ. ಗೋಧಿ ಬಣ್ಣದ, ತುಂಬ ಲಕ್ಷಣವಾದ ಹುಡುಗಿ.

ಮರುದಿನ ಅಂಗಡಿಯ ಈಮೇಲಿಗೆ ಗಂಡಿನ ತಾಯಿಯ ಉತ್ತರ ಬಂತು. ಅದನ್ನು ಓದಿ ಯಾರನ್ನು ಬಯ್ಯಬೇಕೋ ತಿಳಿಯಲಿಲ್ಲ. ‘ನಿಮ್ಮ ಇಬ್ಬರೂ ಹೆಣ್ಣುಮಕ್ಕಳ ಫೋಟೊ ಮುಟ್ಟಿದವು. ನಮಗೆ ಮೊದಲನೆಯವಳೇ ಒಪ್ಪಿಗೆ.’

೪. ಮಷೀನಿನ ಹಣೆ

ಖಂಡೇನವಮಿಯ ಆಯುಧಪೂಜೆಗೆ ಮಾಲಕರು ಹೊಸ ಸ್ಕ್ಯಾನರ್ ತಂದರು. ಇಪ್ಪತ್ತನಾಲ್ಕು ನೂರು ಪಾಯಿಂಟಿನದು. ಪೂಜೆ ಮಾಡಿ, ಬಟ್ಟೆ ಹೊದಿಸಿ, ತಮ್ಮ ಗಲ್ಲೆಯ ಪಕ್ಕದಲ್ಲೇ ಇಟ್ಟುಕೊಂಡರು. ಯಾರೂ ಮುಟ್ಟುವ ಹಾಗಿಲ್ಲ.

ಹಬ್ಬದ ಮರುದಿನ ನನಗೆ ರಜೆ. ಅವತ್ತೇ ಕಮಲಾಪುರದಾಕೆ ಬಂದಿದ್ದಳಂತೆ. ಅರ್ಜಿ ಮೊದಲ ಸುತ್ತು ದಾಟಿತ್ತು, ಈಗ ಅಂಕಪಟ್ಟಿ ಕಳಿಸಬೇಕಿತ್ತು. ಹೆಂಡತಿಯ ತವರಿನವಳು, ಕೈಯಲ್ಲಿ ಮತ್ತೆ ಬಾಳೆಹಣ್ಣು. ಮಾಲಕರು ಬಟ್ಟೆ ಸರಿಸಿ ಹೊಸ ಮಷೀನಿನಲ್ಲೇ ಕೆಲಸ ಮಾಡಿಕೊಟ್ಟರು. ನಾನು ಬಯ್ಯುತ್ತೇನೆಂದು ಹೆದರಿ ಇನ್ನೂರಕ್ಕೇ ಇಟ್ಟರು, ಜೆಪೆಗ್ಗನ್ನೇ ಮಾಡಿದರು. ಎಲ್ಲ ಬರೋಬ್ಬರಿ.

ಕೆಲವು ವಾರಗಳ ಮೇಲೆ ಆಕೆ ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಶಿಕ್ಷಣ ಇಲಾಖೆಯ ಕಚೇರಿಯಿಂದ ನೋಟಿಸು: ಅಂಕಗಳ ಮೇಲೆ ಬಿಳಿ ಬಣ್ಣ ಹಚ್ಚಿ ತಿದ್ದಿದಂತೆ ಕಾಣುತ್ತದೆ, ಮೂಲ ಪ್ರತಿಯೊಂದಿಗೆ ಹಾಜರಾಗಿ, ಇಲ್ಲವಾದರೆ ಅರ್ಜಿ ತಿರಸ್ಕೃತ. ಫೈಲು ತೆಗೆದು ನೋಡಿದೆ. ಒಟ್ಟು ಅಂಕಗಳ ಮೇಲೆ ಮೂರು ಬಿಳಿ ಪಟ್ಟೆ. ಎದ್ದು ಹೋಗಿ ಹೊಸ ಸ್ಕ್ಯಾನರಿನ ಮುಚ್ಚಳ ಎತ್ತಿದೆ. ಗಾಜಿನ ಮೇಲೆ, ನಟ್ಟನಡುವೆ, ಒಣಗಿದ ವಿಭೂತಿ.

‘ಮಷೀನಿಗೆ ವಿಭೂತಿ ಹಚ್ಚಬೇಕಿತ್ತಂದ್ರ ಮ್ಯಾಲ ಹಚ್ಚಬೇಕಿಲ್ರೀ? ಒಳಗ್ಯಾಕ ಹಚ್ಚೀರಿ?’ ನನ್ನ ಕೂಗಿಗೆ ಕೆಳಗಿನ ಅಂಗಡಿಯವರು ಹೊರಗೆ ಬಂದು ನೋಡಿದರು.

ಮಾಲಕರು ಶಾಂತವಾಗಿ ಹೇಳಿದರು: ‘ಮ್ಯಾಲಿಂದು ಬೆನ್ನು ಯವ್ವಾ. ಹಣಿ ಒಳಗ ಅದ.’

೫. ಸಾಕ್ಷಿ

ಆಕೆಯನ್ನು ಕರೆದುಕೊಂಡು ಕಚೇರಿಗೆ ಹೋದೆ. ಗುಮಾಸ್ತರು ಮೂಲ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದರು. ಸ್ವಚ್ಛವಾಗಿತ್ತು. ಇನ್ನೇನು, ಮುಗಿಯಿತು ಎಂದುಕೊಂಡೆ. ಗುಮಾಸ್ತರು, ‘ಕಂಪ್ಯೂಟರನ್ಯಾಗ ಬಂದಿದ್ದರ ಮ್ಯಾಲ ಬಿಳಿ ಪಟ್ಟಿ ಅವ. ಇದರ ಮ್ಯಾಲ ಇಲ್ಲ. ಅಂದ್ರ ಇದು ಬ್ಯಾರೇದು. ಪಟ್ಟಿ ಇದ್ದದ್ದು ತಗೊಂಡು ಬರ್ರಿ’ ಎಂದರು.

ಒಬ್ಬ ಹೆಣ್ಣುಮಗಳ ಅನ್ನದ ಪ್ರಶ್ನೆ. ಈ ಮಹಾಶಯರಿಗೆ ಬೂದಿಯೇ ಖರೆ, ಕಾಗದವೇ ಸುಳ್ಳು! ಅಂಗಡಿಗೆ ವಾಪಸು ಹೋಗಿ ಸ್ಕ್ಯಾನರನ್ನೇ ಆಟೋದಲ್ಲಿ ಹಾಕಿದೆ. ತಮ್ಮ ಹೊಸ ಮಷೀನನ್ನು ಒಂಟಿಯಾಗಿ ಬಿಡಲಾರದೆ ಮಾಲಕರೂ ಹತ್ತಿದರು.

ಈ ಸಲ ಗುಮಾಸ್ತರನ್ನು ಕೇಳದೆ ನೇರವಾಗಿ ಅವರ ಮೇಲಧಿಕಾರಿ ಸಾಹೇಬರ ಮೇಜಿನ ಮೇಲೆ ಮಷೀನ್ ಇಟ್ಟು ಮುಚ್ಚಳ ಎತ್ತಿದೆ. ‘ನೋಡ್ರೀ ಸಾಹೇಬ್ರ, ಇವೇ ಆ ಮೂರು ಪಟ್ಟಿ.’ ಸಾಹೇಬರು ಬಗ್ಗಿ ನೋಡಿದರು. ಅವಸರದಲ್ಲಿ ಮನೆ ಬಿಟ್ಟಿದ್ದರೋ ಏನೋ, ಹಣೆ ಖಾಲಿ ಇತ್ತು. ‘ಶಿವಾ ಶಿವಾ, ಇವತ್ತು ಮರ್ತೇ ಬಂದೀನಿ’ ಎಂದವರೇ ಮೂರು ಬೆರಳಿನಿಂದ ಗಾಜನ್ನು ಬಳಿದು, ಕಣ್ಣು ಮುಚ್ಚಿ ಹಣೆಗೆ ಹಚ್ಚಿಕೊಂಡುಬಿಟ್ಟರು.

ಕನ್ನಡಕ ಹುಡುಕಿಕೊಂಡು ಅಷ್ಟರಲ್ಲಿ ಬಂದ ಗುಮಾಸ್ತರು ಗಾಜನ್ನು ನೋಡಿದರು. ‘ಪಟ್ಟಿ ಎಲ್ಲಿ ಅವ್ರೀ? ಗಾಜು ಖಾಲಿ ಅದ. ಸಾಕ್ಷಿ ಇಲ್ಲದ ಫೈಲಿನ್ಯಾಗ ಹ್ಯಾಂಗ ಬರೀಲಿ?’

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮುಂದೆ ನಿಂತಿದ್ದೇನೆ ಎಂಬುದೂ ನೆನಪಿಗೆ ಬರಲಿಲ್ಲ.

‘ಸಾಕ್ಷಿ ಸಾಹೇಬ್ರ ಹಣಿ ಮ್ಯಾಲ ಅದ! ಸಾಹೇಬ್ರ, ಜರಾ ತಲಿ ಈ ಗಾಜಿನ ಮ್ಯಾಲ ಇಡ್ರಿ. ಸ್ಕ್ಯಾನ್ ಮಾಡಿ ಫೈಲಿಗೆ ಹಚ್ಚಿಬಿಡ್ತೀನಿ!’

ಆಕೆ ನನ್ನ ಸೆರಗು ಹಿಡಿದು ಜಗ್ಗಿದಳು. ಕೆಲಸ ಹೋಯಿತು, ಇನ್ನು ಜೈಲೊಂದೇ ಬಾಕಿ ಎಂಬಂತಿತ್ತು ಅವಳ ಮುಖ. ಆಗ ನನ್ನ ಹಿಂದಿನಿಂದ ಮಾಲಕರು ಬಹಳ ಕಾಳಜಿಯಿಂದ ಹೇಳಿದರು:

‘ಸಾಹೇಬ್ರ ತಲಿ ಅಂದ್ರ ಇನ್ನೂರಕ್ಕ ಇಡಬ್ಯಾಡ ಯವ್ವಾ, ಛಂದ ಕಾಣಂಗಿಲ್ಲ. ಪೂರಾ ಇಪ್ಪತ್ತನಾಲ್ಕು ನೂರಕ್ಕ ಇಡು.’

ಸಾಹೇಬರ ಹೊಟ್ಟೆ ಕುಲುಕತೊಡಗಿತು. ನಗುತ್ತಲೇ ಫೈಲು ಎಳೆದುಕೊಂಡು, ‘ಮೂಲ ಪ್ರತಿ ಸರಿಯಿದೆ’ ಎಂದು ಬರೆದು ಸಹಿ ಹಾಕಿದರು.

ಮರಳಿ ಬರುವಾಗ ಆಟೋದಲ್ಲಿ ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಮಾಲಕರು ಮಾತ್ರ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಸಪ್ಪೆ ಮಾಡಿಕೊಂಡಿದ್ದರು. ‘ಕೆಲಸ ಆತಲ್ರೀ, ಇನ್ನೇನು?’ ಎಂದು ಕೇಳಿದೆ.

‘ಸಾಹೇಬ್ರು ಒಂದೇ ಸಲ ತಲಿ ಇಟ್ಟಿದ್ರ ಏನ್ ಹೋಗತಿತ್ತು ಅವರ ಗಂಟು?’ ಎಂದರು. ‘ಇಪ್ಪತ್ತನಾಲ್ಕು ನೂರು ಪಾಯಿಂಟೂ ಒಮ್ಮೆ ಬಳಸಿದಂಗ ಆಗತಿತ್ತು.’