ದ್ವೀಪದ ಸಿನಿಮಾ ತೆಗೆದವರಿಗೆ ಇಸ್ತ್ರಿ ಅಂಗಡಿಯವನ ದೂರು

ಮಾನ್ಯ ನಿರ್ದೇಶಕರೇ,

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಸುಬಿನವನಾದ ನಾನು ತಮಗೆ ಸವಿನಯವಾಗಿ ನಮಸ್ಕರಿಸಿ, ತಾವೂ ತಮ್ಮ ಮನೆಯವರೂ ತಮ್ಮ ಚಿತ್ರದ ಆ ದ್ವೀಪವೂ ಅದರ ಸುತ್ತಲಿನ ಸಮುದ್ರವೂ ಕ್ಷೇಮವೆಂದು ಭಾವಿಸಿ, ಈ ದೂರನ್ನು ನಾಲ್ಕು ಜನರ ಎದುರಿಗೇ ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ. ತಮ್ಮ ಚಿತ್ರದ ಪೋಸ್ಟರಿನ ಮೇಲೆ 'ಮನೆಮಂದಿಯೆಲ್ಲ ಕೂತು ನೋಡುವ ಪ್ರೇಮಕಥೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ನಂಬಿ ನಾನು, ನನ್ನ ಹೆಂಡತಿ, ನನಗಿಂತ ಮೂರು ವರ್ಷ ದೊಡ್ಡವಳಾದ ನಮ್ಮ ಅಕ್ಕ, ಮೂವರೂ ಕೂತು ನೋಡಿದೆವು. ನೋಡಿ ಎದ್ದ ಮೇಲೂ ಮನೆಮಂದಿ ಮೊದಲಿನ ಹಾಗೇ ಇರುತ್ತಾರೆಂದು ಪೋಸ್ಟರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದು ತಡವಾಗಿ.

ತಮ್ಮ ಸಭ್ಯತೆಯನ್ನು ನಾನು ಮನಸಾರೆ ಕೊಂಡಾಡುತ್ತೇನೆ. ನಾಯಕ ನಾಯಕಿಯರ ಮುಖಗಳು ಅಪಾಯಕರವಾಗಿ ಹತ್ತಿರವಾದಾಗಲೆಲ್ಲ ಎಲ್ಲಿಂದಲೋ ಒಂದು ಅಲೆ ಎದ್ದು ಬಂದು ಪರದೆಯನ್ನು ಮುಚ್ಚಿಬಿಡುತ್ತಿತ್ತು. ಅಷ್ಟು ಸರಿಯಾಗಿ ಹೊತ್ತು ನೋಡಿಕೊಂಡು ಬರುವ ಅಲೆಯನ್ನು ನಾನು ಬೇರೆ ಕಂಡಿಲ್ಲ. ನಾಯಕಿ ಹನ್ನೊಂದು ದಿನ ಒಂದೇ ಬಿಳಿ ಉಡುಪಿನಲ್ಲಿ ಉಪ್ಪುನೀರು, ಮರಳು, ದೋಣಿಯ ಎಣ್ಣೆ ಎಲ್ಲದರಲ್ಲೂ ಓಡಾಡಿದರೂ ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ಕಸುಬಿನ ಅಭಿಮಾನದಿಂದ ನಾನು ಅಕ್ಕನನ್ನು ಮೊಣಕೈಯಿಂದ ತಿವಿದು, ಆ ಅಂಚು ನೋಡು ಎಂದೆ. ಅಕ್ಕ ಅಂಚು ನೋಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಂದಲೂ ಕೈಲಾಗದವಳೆನಿಸಿಕೊಂಡಿದ್ದ ಆ ನಾಯಕಿ, ಪ್ರೀತಿಸುತ್ತೇನೆಂದು ಬಂದ ದೋಣಿಯವನನ್ನು ತಡೆದು, ಮೊದಲು ನಾನು ನನ್ನನ್ನು ಒಪ್ಪಿಕೊಳ್ಳಬೇಕು ಎಂದು ಕನ್ನಡಿಯ ಮುಂದೆ ಹೇಳುತ್ತಾಳಲ್ಲ, ಅಕ್ಕ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನಮ್ಮ ಅಂಗಡಿಯ ವ್ಯವಸ್ಥೆಯನ್ನು ತಮಗೆ ತಿಳಿಸುವುದು ಅಗತ್ಯ. ಮುಂದುಗಡೆ ಕುರ್ಚಿಯಲ್ಲಿ ಕೂತು ಬಟ್ಟೆ ಇಸಿದುಕೊಂಡು ಚೀಟಿ ಬರೆಯುವವನು ನಾನು. ನನ್ನ ಬೆನ್ನ ಹಿಂದೆ ಹತ್ತೊಂಬತ್ತು ವರ್ಷದಿಂದ ನಿಂತು ಕಲೆ ತೆಗೆದು, ಇಸ್ತ್ರಿ ಮಾಡಿ, ಮಡಿಸಿಡುವವಳು ಅಕ್ಕ. ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ನಂಗೂ ಒಂದು ಕುರ್ಚಿ ಬೇಕು ಕಣೋ" ಅಂದಳು.

"ನಿಂತು ಮಾಡೋ ಕೆಲಸಕ್ಕೆ ಕುರ್ಚಿ ಯಾಕೆ?"

"ಕೆಲಸ ಇಲ್ದಾಗ ಕೂರೋಕೆ."

"ಕೆಲಸ ಇಲ್ಲದ ಹೊತ್ತು ಅಂತ ನಿಂಗೆ ಎಲ್ಲಿದೆ?"

"ಅದನ್ನೇ ನಾನೂ ಹೇಳ್ತಿರೋದು."

ಕುರ್ಚಿ ಬಂತು. ಅದೇ ವಾರ ಟೀಚರಮ್ಮನೊಬ್ಬರು ತಮ್ಮ ಸೀರೆಯ ಶಾಯಿ ಕಲೆ ಮಾಯವಾದದ್ದನ್ನು ಕಂಡು, "ನಿಮ್ಮ ಕೈಗುಣ ದೊಡ್ಡದು" ಎಂದು ನನ್ನನ್ನು ಹೊಗಳಿದರು. ಹತ್ತೊಂಬತ್ತು ವರ್ಷದಿಂದ ರೂಢಿಯಾಗಿರುವ ಪ್ರಕಾರ ನಾನು ವಿನಯದಿಂದ ನಕ್ಕೆ. ಹಿಂದಿನಿಂದ, "ಕೈ ಅವನದಲ್ಲ ಮೇಡಂ, ನಂದು" ಎಂಬ ಮಾತು ಬಂತು. ಟೀಚರಮ್ಮ ಬಗ್ಗಿ ನನ್ನ ಆಚೆಗೆ ನೋಡಿದರು. ನಾನು ಸ್ವಲ್ಪ ಅಗಲವಾಗಿರುವುದರಿಂದ ಹಾಗೆ ನೋಡುವ ಕಷ್ಟವನ್ನು ಅಲ್ಲಿಯವರೆಗೆ ಯಾರೂ ತೆಗೆದುಕೊಂಡಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಮ್ಮನ್ನು ಕ್ಷಮಿಸಿಬಿಡುತ್ತಿದ್ದೆ. ನಮ್ಮ ಎದುರುಸಾಲಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ, ಮದುವೆಯಾಗದ, ಬಹಳ ನಾಚಿಕೆಯ ಸ್ವಭಾವದ ಒಬ್ಬರು ಆರು ವರ್ಷದಿಂದ ಪ್ರತಿ ಬುಧವಾರ ಒಂದು ಬಿಳಿ ಅಂಗಿ ತಂದು ಒಗೆಯಲು ಕೊಡುತ್ತಿದ್ದರು. ಅಂಗಿ ಯಾವಾಗಲೂ ಒಗೆದದ್ದೇ ಇರುತ್ತಿತ್ತು. ಅಂಗಡಿಯವನಾಗಿ ಅದಕ್ಕೆ ಆಕ್ಷೇಪ ಎತ್ತುವ ಕಾರಣ ನನಗೆ ಕಾಣಲಿಲ್ಲ. ಆ ಬುಧವಾರ ಅಕ್ಕ ತಾನೇ ಮುಂದೆ ಬಂದು ಕೇಳಿದಳು:

"ಒಗೆದಿರೋ ಅಂಗೀನೇ ತರ್ತೀರಲ್ಲ, ಯಾಕೆ?"

ಅವರು ಕನ್ನಡಕ ತೆಗೆದು ಅದೇ ಅಂಗಿಯಿಂದ ಒರೆಸಿಕೊಂಡು, "ಇಲ್ಲಿಗೆ ಬರೋದಕ್ಕೆ ಬೇರೆ ನೆಪ ಸಿಗಲಿಲ್ಲ" ಅಂದರು.

ತಮ್ಮ ಚಿತ್ರದ ನಿಯಮದಂತೆ ಈಗೊಂದು ಅಲೆ ಬಂದು ನನ್ನನ್ನು ಕಾಪಾಡುತ್ತದೆಂದು ಕಾದೆ. ಬರಲಿಲ್ಲ. ಅಕ್ಕ, "ಮುಂದಿನ ವಾರದಿಂದ ಅಂಗಿ ಬೇಡ, ಸುಮ್ನೆ ಬನ್ನಿ" ಅಂದಳು.

ಮನೆಯ ಹಿತ ಕಾಯುವವನಾಗಿ ನಾನು ಮರುದಿನವೇ ಕನ್ನಡಕದವರ ಬಳಿಗೆ ಹೋಗಿ, "ಅಕ್ಕನಿಗೆ ಇಸ್ತ್ರಿ ಬಿಟ್ಟರೆ ಬೇರೆ ಏನೂ ಬರಲ್ಲ, ಸಂಸಾರ ಮಾಡೋದು ಅವಳ ಕೈಲಾಗಲ್ಲ" ಎಂದು ತಿಳಿಹೇಳಿದೆ. ಹಿಂದೆ ಅವಳನ್ನು ಕೇಳಿಕೊಂಡು ಬಂದ ಎರಡು ಮನೆಯವರಿಗೂ ನಾನು ಇದನ್ನೇ ಹೇಳಿ ಕಳಿಸಿದ್ದೆ. ಅವರು ಮರುಮಾತಿಲ್ಲದೆ ಹೋಗಿದ್ದರು. ಈ ಮನುಷ್ಯ ಮಾತ್ರ ರಸ್ತೆ ದಾಟಿ ಬಂದು ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿಬಿಟ್ಟರು. ಆ ಹಳೆಯ ಎರಡು ಸಂಗತಿಗಳೂ ನನ್ನ ಹೆಂಡತಿಯ ಬಾಯಿಂದ ಹೊರಬಿದ್ದವು.

ಅಕ್ಕ ಕೂಗಾಡಲಿಲ್ಲ. "ಹೌದೇನೋ?" ಎಂದಷ್ಟೇ ಕೇಳಿದಳು. ಆಮೇಲೆ ನಾಲ್ಕು ದಿನ ಅಂಗಡಿಗೆ ಬರಲಿಲ್ಲ, ನನ್ನ ಹತ್ತಿರ ಮಾತಾಡಲಿಲ್ಲ. ಆ ನಾಲ್ಕು ದಿನಗಳಲ್ಲಿ ನಾನು ವಕೀಲರೊಬ್ಬರ ಕರಿಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರವನ್ನು ಶಾಶ್ವತವಾಗಿ ಮೂಡಿಸಿದೆ, ಯಾರದೋ ರೇಷ್ಮೆಯನ್ನು ಕರವಸ್ತ್ರದ ಅಳತೆಗೆ ಇಳಿಸಿದೆ. ಐದನೆಯ ದಿನ ಅಕ್ಕನ ಮುಂದೆ ಹೋಗಿ ನಿಂತೆ.

"ನೀನಿಲ್ದೆ ನಂಗೆ ಅಂಗಡಿ ನಡೆಸೋಕೆ ಬರಲ್ಲ ಅಕ್ಕ. ಹೆದರಿಕೆಗೆ ಹಾಗೆ ಹೇಳಿದ್ದು."

ಅವಳು ನನ್ನ ಕಡೆ ತಿರುಗಿದಳು. "ಆ ಹೆದರಿಕೇನ ನಂಗೆ ಹೇಳಬಹುದಿತ್ತಲ್ಲೋ. ಯಾರಿಗೂ ಬೇಡವಾದೋಳು ಅಂತಾನೇ ಇಷ್ಟು ವರ್ಷ ಅಂದ್ಕೊಂಡಿದ್ದೆ ನಾನು."

ಮಾನ್ಯರೇ, ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ತಮ್ಮ ಎರಡೂವರೆ ಗಂಟೆಯ ಚಿತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ಇದು ನನ್ನ ಮುಖ್ಯ ದೂರು. ನಾಯಕಿಗೆ ಕನ್ನಡಿ ಕೊಟ್ಟಿರಿ, ದೋಣಿ ಕೊಟ್ಟಿರಿ, ಹಿನ್ನೆಲೆ ಸಂಗೀತ ಕೊಟ್ಟಿರಿ. ಅವಳ ತಮ್ಮನಿಗೆ ಒಂದು ಸಾಲನ್ನಾದರೂ ಬರೆದುಕೊಡಬಾರದಿತ್ತೆ? ನಾನು ತಲೆ ತಗ್ಗಿಸಿಕೊಂಡು "ತಪ್ಪಾಯ್ತು" ಎಂದೆ, ಅಷ್ಟೇ. ಅವಳೂ "ಹ್ಞೂಂ" ಎಂದಳು, ಅಷ್ಟೇ. ಕ್ಷಮಿಸಿದಳೋ ಇಲ್ಲವೋ ಇನ್ನೂ ತಿಳಿದಿಲ್ಲ.

ಹೋದ ತಿಂಗಳು ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕನಿಗೂ ಕನ್ನಡಕದವರಿಗೂ ಮದುವೆಯಾಯಿತು. ಹಿಂದಿನ ದಿನ ಅವಳ ಮದುವೆ ಸೀರೆಯನ್ನು ನಾನೇ ಇಸ್ತ್ರಿ ಮಾಡುತ್ತೇನೆಂದು ಹಟ ಹಿಡಿದು, ಮೂರು ಗಂಟೆ ನಿಂತು, ಬೆರಳು ಸುಟ್ಟುಕೊಂಡು ಮುಗಿಸಿದೆ. ಅಕ್ಕ ಒಂದೊಂದೇ ಮಡಿಕೆ ಬಿಚ್ಚಿ ನೋಡಿ, "ಚೆನ್ನಾಗಿ ಮಾಡಿದ್ದೀಯ ಕಣೋ" ಅಂದಳು. ಅಷ್ಟು ಚಿಕ್ಕ ಮಾತಿಗೆ ಮನುಷ್ಯನಿಗೆ ಅಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳಿಗೆ ಒಮ್ಮೆಯಾದರೂ ಹೇಳುತ್ತಿದ್ದೆ. ಇದಕ್ಕೂ ತಾವೇ ಹೊಣೆ.

ಆದ್ದರಿಂದ ತಾವು ಕೃಪೆಯಿಟ್ಟು, ಸಿಗರೇಟಿನ ವಿಷಯದಲ್ಲಿ ಮಾಡುವ ಹಾಗೆ, ಚಿತ್ರ ಶುರುವಾಗುವ ಮುಂಚೆ 'ಆತ್ಮಗೌರವವು ತಮ್ಮಂದಿರ ನೆಮ್ಮದಿಗೆ ಹಾನಿಕರ' ಎಂಬ ಎಚ್ಚರಿಕೆ ತೋರಿಸಬೇಕೆಂದೂ, ಆ ದೋಣಿಯವನಿಗೆ ಸದ್ಯ ಬೇರೆ ಕೆಲಸವಿಲ್ಲದಿದ್ದರೆ ಮಧ್ಯಾಹ್ನದ ಹೊತ್ತು ಇಸ್ತ್ರಿಗೆ ಕಳಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ಅಕ್ಕ ಈಗ ಬೆಳಗಿನ ಹೊತ್ತು ಮಾತ್ರ ಬರುತ್ತಾಳೆ.

ಇಷ್ಟೆಲ್ಲ ಆದರೂ ತಮ್ಮ ಮೇಲಿನ ವಿಶ್ವಾಸವನ್ನು ಹೇಗೋ ಉಳಿಸಿಕೊಂಡಿರುವ,
ಒಬ್ಬ ಇಸ್ತ್ರಿ ಅಂಗಡಿಯವ

ಮರೆತ ಮಾತು: ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಈ ಪತ್ರವನ್ನು ನನ್ನ ಹೆಂಡತಿ ನಕಲು ಮಾಡಿಕೊಟ್ಟಿದ್ದಾಳೆ. ನಾನು 'ನನ್ನ ಅಂಗಡಿ' ಎಂದು ಬರೆದಿದ್ದ ಕಡೆ ಅವಳು 'ನಮ್ಮ ಅಂಗಡಿ' ಎಂದು ತಿದ್ದಿರುವುದು ನನಗೆ ಈಗಷ್ಟೇ ಕಂಡಿತು. ವಿಚಾರಿಸಿದಾಗ, ನಿನ್ನೆ ಅವಳೊಬ್ಬಳೇ ಹೋಗಿ ತಮ್ಮ ಚಿತ್ರವನ್ನು ಎರಡನೆಯ ಸಲ ನೋಡಿಬಂದ ವಿಷಯ ತಿಳಿಯಿತು. ಮಹಾಸ್ವಾಮಿ, ಕೈಮುಗಿಯುತ್ತೇನೆ, ಎಪ್ಪತ್ತೈದು ದಿನ ಓಡಿದ್ದು ಸಾಕು, ಚಿತ್ರವನ್ನು ಇವತ್ತೇ ಎತ್ತಿಸಿಬಿಡಿ.